ಮಾಲೆ ಹಾಕಿದ ಮನೆಯಲ್ಲಿ ರಮ್ ಕೇಕು

ನವೆಂಬರ್ 16, ಭಾನುವಾರ

ಕೇಕಿಗೆ ಎರಡನೇ ಸಲ ರಮ್ ಕುಡಿಸಿದೆ. ಕಡ್ಡಿಯಿಂದ ಚುಚ್ಚಿ, ಚಮಚದಲ್ಲಿ ಹನಿಹನಿಯಾಗಿ. ಬಟರ್ ಪೇಪರ್ ಸುತ್ತಿ ಮತ್ತೆ ಡಬ್ಬಿಗೆ. ಕ್ರಿಸ್ಮಸ್ ತನಕ ಪ್ರತಿ ಭಾನುವಾರ ಹೀಗೆಯೇ. ಅತ್ತೆ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದರು. “ಇದಕ್ಕೂ ವಾರ ವಾರ ಬೇಕೇನವ್ವಾ?” ಎಂದು ನಕ್ಕರು.

ಕೇಕು ಮಾಡುವ ರೀತಿ ಪಕ್ಕದ ಮನೆ ಫಿಲೋಮಿನಾ ಆಂಟಿಯದು. ನನಗೆ ಕಲಿಸಿದವರೂ ಅವರೇ. ಪ್ರತಿ ವರ್ಷ ನಮ್ಮ ಬೀದಿಗೆಲ್ಲ ಹಂಚುತ್ತಿದ್ದರು. ಈಗ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿದೆ, ಮನೆಗೆ ಬೀಗ. ಆಸ್ಪತ್ರೆಯಲ್ಲಿ ಎಡಗೈಯಿಂದ ನನ್ನನ್ನು ಹಿಡಿದು, “ಶಿವು, ಈ ಸಲ ನೀನ್ ಮಾಡು. ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಮನೆಗೆ ಬಿಡ್ತಾರಂತೆ. ಕೇಕ್ ಇಲ್ದಿರೋ ಮನೆಗೆ ನಾನ್ ಬರಲ್ಲ” ಎಂದರು. ಮಾತು ಕೊಟ್ಟಿದ್ದೇನೆ.

ನವೆಂಬರ್ 18

ಸಿಟ್ಟಿಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆಫೀಸಿನಿಂದ ಬಂದರೆ ಸಿಂಕೆಲ್ಲ ರಮ್ ವಾಸನೆ! ಲೋಹಿತ್ ಅಯ್ಯಪ್ಪನ ಮಾಲೆ ಹಾಕಿಸಿಕೊಂಡು ಬಂದಿದ್ದಾರೆ. ಹೆಂಡತಿಗೆ ಒಂದು ಮಾತು ಹೇಳಿಲ್ಲ. ಬಂದವರೇ ಬಾಟಲಿ ಸುರಿದಿದ್ದಾರೆ.

“ಮಾಲೆ ಇರೋ ಮನೇಲಿ ಎಣ್ಣೆ ಇರಬಾರ್ದು. ಡಬ್ಬೀನೂ ಆಚೆ ಹಾಕು.”

“ದೀಪಾವಳೀಲಿ ಇದೇ ಬಾಟ್ಲಿಗೆ ಲೋಟ ಹಿಡ್ಕೊಂಡ್ ಬಂದಿದ್ದು ಯಾರು?”

“ಸ್ವಾಮಿ ಅಂತ ಮಾತಾಡ್ಸು. ಮಾಲೆ ಹಾಕಿದೀನಿ.”

ಸ್ವಾಮಿಯಂತೆ! ಕಾರ್ಪೊರೇಷನ್ ಎಲೆಕ್ಷನ್ ಹತ್ತಿರ ಬಂತಲ್ಲ, ಟಿಕೆಟ್ ಬೇಕು, ಭಕ್ತಿ ಉಕ್ಕಿದೆ. ಸರ್ಕಲ್‌ನಲ್ಲಿ ಆಗಲೇ ಫ್ಲೆಕ್ಸ್... ಕಪ್ಪು ಪಂಚೆ, ಕೈ ಮುಗಿದ ಫೋಟೊ.

ಅತ್ತೆ ನಡುವೆ ಬಂದು ರಾಜಿ ಮಾಡಿಸಿದರು. ಡಬ್ಬಿ ಸ್ಟೋರ್ ರೂಮಿನಲ್ಲಿ ಇರಲಿ, ಮಾಲೆ ಇರುವ ತನಕ ರಮ್ ಮಾತ್ರ ಬೇಡ. ಎರಡು ಸಲ ಕುಡಿದ ಕೇಕು, ತಡೆದೀತು. ಒಪ್ಪಿದೆ. ಯಾಕೆ ಒಪ್ಪಿದೆನೋ.

ಡಿಸೆಂಬರ್ 7

ಸಂಜೆ ಭಜನೆ, ಮನೆ ತುಂಬ ಸ್ವಾಮಿಗಳು. ಅಡುಗೆ ನಾನು, ಪಾತ್ರೆ ನಾನು. ಸ್ನಾನ ಮಾಡದೆ ಒಲೆ ಮುಟ್ಟಬೇಡ ಎಂದು ನನಗೇ ಪಾಠ! ಬಾಯಿಬಿಟ್ಟರೆ ಜಗಳ. ಬರೆದರೆ ತಲೆನೋವು.

ಡಿಸೆಂಬರ್ 23

ಡಬ್ಬಿ ತೆಗೆದೆ. ಕೇಕಿನ ಮೇಲೆಲ್ಲ ಬೂಷ್ಟು. ಬಿಳಿ, ಹಸಿರು. ಹುಳಿ ನಾತ.

“ಯಾರು ಮುಟ್ಟಿದ್ದು ಇದನ್ನ?” ಕಿರುಚಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ನಾನೇ ಕಣವ್ವ. ನೀನು ರಮ್ ಹಾಕೋದ್ ನಿಂತೋಯ್ತಲ್ಲ, ಒಣಗೋಯ್ತದೆ ಅಂತ... ಭಾನುವಾರ ಭಾನುವಾರ ಅಭಿಷೇಕದ ಎಳನೀರು ಹಾಕ್ತಿದ್ದೆ. ದೇವ್ರದಲ್ವಾ, ಕೆಡಾಕಿಲ್ಲ ಅನ್ಕೊಂಡೆ.”

ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು. ಆದರೆ ಅವರು ಅಳುತ್ತಿದ್ದರು. ಲೋಹಿತ್ ನಗುತ್ತಿದ್ದರು.

“ಬೇಕರೀಲಿ ಒಂದ್ ತಂದ್ಕೊಡು. ಕೈ ಬಿದ್ದೋರಿಗೆ ಏನ್ ಗೊತ್ತಾಗತ್ತೆ?”

ಬಿದ್ದಿರುವುದು ಕೈ, ನಾಲಿಗೆಯಲ್ಲ. ಆ ನಗುವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಡಿಸೆಂಬರ್ 24, ಬೆಳಿಗ್ಗೆ

ಆಫೀಸಿಗೆ ರಜೆ. ಹೊಸ ಬಾಟಲಿ ತಂದು ಅಡುಗೆಮನೆ ಕಟ್ಟೆಯ ಮೇಲೇ ಇಟ್ಟೆ, ಕಾಣುವವರಿಗೆಲ್ಲ ಕಾಣಲಿ. ಒಣದ್ರಾಕ್ಷಿ, ಖರ್ಜೂರ, ಚೆರ್ರಿ ಹೆಚ್ಚಿದ್ದಾಯಿತು. ನೆನೆಸಲು ಹೊತ್ತಿಲ್ಲ, ರಮ್ಮಿನಲ್ಲಿ ಕುದಿಸಬೇಕು. ಪಕ್ವವಾಗದ ಕೇಕು. ಒಂದು ಚೂರು ಬಾಯಿಗಿಟ್ಟರೆ ಆಂಟಿಗೆ ಗೊತ್ತಾಗುತ್ತದೆ. ನಡೆದದ್ದೆಲ್ಲ ನಾನೇ ಹೇಳಿಬಿಡುತ್ತೇನೆ.

ಲೋಹಿತ್ ಬಂದು ಕೂಗಾಡಿದರು. “ಸಂಜೆ ಪೂಜೆಗೆ ಲೀಡರ್ ಬರ್ತಿದಾರೆ! ಈ ಮನೇಲಿ ರಮ್ಮಾ? ಈಗ್ಲೇ ಆಚೆ ಹಾಕು!”

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಎದ್ದರು. ಮಗ ವ್ರತಕ್ಕೆಂದು ಮಲಗುತ್ತಿದ್ದ ಚಾಪೆ ಸುತ್ತಿ ತಂದು ಅವರ ಕೈಗೇ ಕೊಟ್ಟರು.

“ಮಾಲೆ ಹಾಕಿರೋದು ನೀವು, ಸ್ವಾಮಿ. ನಾವಲ್ಲ. ದೇವಸ್ಥಾನದಾಗೆ ಮಲಗಕ್ಕೆ ಜಾಗ ಐತೆ. ಹೋಗ್ ಬನ್ನಿ.”

ಹೋದರು. ಬರಿಗಾಲಲ್ಲಿ, ಚಾಪೆ ಕಂಕುಳಲ್ಲಿ. ನನಗಿನ್ನೂ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದಾರೆ, ಬಾಟಲಿ ಹಿಡಿದು, ಎಷ್ಟು ಸುರಿಯಲಿ ಎಂದು ಕೇಳುತ್ತಾ—