ಕರಿಯಯ್ಯ ಚಿಕ್ಕಪ್ಪನ ಕೈ

ಕವಲಂದೆ
9-11-2024

ಪ್ರೀತಿಯ ರಾಜಣ್ಣಾ,

ಹೇಗಿದ್ದೀಯ? ಜೈಲಿನ ಊಟ ಒಗ್ಗಿತಾ? ಬೆನ್ನುನೋವಿಗೆ ಮಾತ್ರೆ ಕೊಡುತ್ತಾರಾ? ಅವ್ವ ಚೆನ್ನಾಗಿದ್ದಾಳೆ, ನಿನ್ನನ್ನು ಬೈಯದೆ ಅವಳಿಗೆ ಒಂದು ತುತ್ತೂ ಇಳಿಯುವುದಿಲ್ಲ. ನಾನೂ ಎದ್ದು ಓಡಾಡುತ್ತಿದ್ದೇನೆ.

ಆಗಸ್ಟಿನಲ್ಲಿ ನನ್ನ ಅಪೆಂಡಿಕ್ಸ್ ಒಡೆದಾಗ ನಂಜನಗೂಡಿನ ಡಾಕ್ಟರು, ಸುತ್ತಲೂ ಕೀವು ಗಟ್ಟಿಕಟ್ಟಿದೆ, ಈಗ ಕೊಯ್ಯುವಂತಿಲ್ಲ ಎಂದು ಬರೀ ಇಂಜೆಕ್ಷನ್ ಕೊಟ್ಟಿದ್ದರಲ್ಲ, ಎಂಟು ವಾರ ಕಾದು ಹೋದ ತಿಂಗಳು ತೆಗೆದರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ್ದರು, ನಿನ್ನೆ ರಿಪೋರ್ಟ್ ಬಂತು. ಅದರ ಬುಡದಲ್ಲಿ ಅವರೆಕಾಳಿನಷ್ಟು ಗಡ್ಡೆಯಿತ್ತಂತೆ. ಅದು ದಾರಿ ಮುಚ್ಚಿದ್ದಕ್ಕೇ ಒಳಗೆಲ್ಲ ಕೊಳೆತು ಒಡೆದದ್ದಂತೆ. ವರ್ಷಗಳಿಂದ ಬೆಳೆದದ್ದು, ಪೂರ್ತಿ ಹೊರಬಂದಿದೆ, ಹೆದರಬೇಡ. ಯಾರು ಹೊಟ್ಟೆ ಒತ್ತಿದರೂ ಗಡ್ಡೆ ಹುಟ್ಟುವುದಿಲ್ಲ ಎಂದರು ಡಾಕ್ಟರು.

ಕೇಳಿದೆಯಾ? ಕರಿಯಯ್ಯ ಚಿಕ್ಕಪ್ಪ ಹೊಟ್ಟೆನೋವಿಗೆ ಹೊಕ್ಕುಳು ಜಾರಿದ್ದೇ ಕಾರಣ, ಬಟ್ಟಿ ತೆಗೆಯುತ್ತೇನೆಂದು ಎಣ್ಣೆ ಹಚ್ಚಿ ಹೊಕ್ಕುಳ ಸುತ್ತ ತಿಕ್ಕಿದ್ದಕ್ಕೇ ತಂಗಿಯ ಕರುಳು ಒಡೆಯಿತೆಂದು ನೀನು ಹಾರೆ ಹಿಡಿದು ಹೋದೆ. ಜಗಲಿಯಿಂದ ಎಳೆದು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಒಂದೊಂದೇ ಕೈಯನ್ನು ಒರಳುಕಲ್ಲಿನ ಮೇಲಿಟ್ಟು ಜಜ್ಜಿದೆಯಂತೆ. "ಇನ್ಯಾರ್ ಒಟ್ಟೆನೂ ಮುಟ್ಟಬ್ಯಾಡ ಕಣ್ಲಾ" ಎಂದು ಕೂಗುತ್ತಿದ್ದೆಯಂತೆ. ಮೂಳೆ ಚರ್ಮ ಹರಿದು ಹೊರಬಂದರೂ ಬಿಡಲಿಲ್ಲವಂತೆ. ಅವರ ಮನೆಯ ಆ ಕಲ್ಲನ್ನು ಅವ್ವನೇ ಹೋಗಿ ಮೂರು ಸಲ ತೊಳೆದಳು. ಈಗ ಚಿಕ್ಕಪ್ಪನ ಬೆರಳು ಮಡಚುವುದಿಲ್ಲ, ಚಿಕ್ಕಮ್ಮ ತುತ್ತು ಮಾಡಿ ತಿನ್ನಿಸುತ್ತಾಳೆ. ನಿನ್ನನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ, ಹಾಳಾದವನೇ. ನೀನಿಲ್ಲದೆ ಮನೆಗೆ ಬರಲು ಮನಸ್ಸೂ ಆಗುವುದಿಲ್ಲ. ಚಿಕ್ಕಪ್ಪ ಬಲವಂತ ಮಾಡಿ ತಿಕ್ಕಿದ ಎಂದು ನಾನು ಕೋರ್ಟಿನಲ್ಲಿ ಹೇಳಿದರೆ ನಿನ್ನ ಶಿಕ್ಷೆ ಕಡಿಮೆಯಾದೀತು ಎನ್ನುತ್ತಾರೆ ವಕೀಲರು.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ತಿನ್ನು. ಒಳಗೆ ಯಾರ ಮೇಲೂ ಕೈಯೆತ್ತಬೇಡ.

ನಿನ್ನ ತಂಗಿ,
ಪವಿತ್ರ

ತಾ.ಕ.: ಅಂಚೆಗೆ ಹೊತ್ತಾಯಿತು, ಬರೆದೇಬಿಡುತ್ತೇನೆ. ಅವತ್ತು ಚಿಕ್ಕಪ್ಪ ನನ್ನ ಹೊಟ್ಟೆ ಮುಟ್ಟಿ ನೋಡಿ, "ಇದು ಬಟ್ಟಿ ಅಲ್ಲ ಕಣವ್ವ, ಆಸ್ಪತ್ರೆಗೆ ಓಗು" ಎಂದು ಎದ್ದುಬಿಟ್ಟಿದ್ದ. ರಜೆ ಹಾಕಿದರೆ ಫ್ಯಾಕ್ಟರಿಯ ಕೆಲಸ ಹೋಗುತ್ತದೆಂದು ನಾನೇ ಅವನ ಕಾಲು ಹಿಡಿದು ತಿಕ್ಕಿಸಿಕೊಂಡೆ. ಆಸ್ಪತ್ರೆಯಲ್ಲಿ ನೀನು ಕೇಳಿದಾಗ ಬೈಸಿಕೊಳ್ಳಬೇಕಲ್ಲ ಎಂದು ಹೆದರಿ, ಅವನೇ ಬಲವಂತ ಮಾಡಿದ ಎಂದೆ. ಚಿಕ್ಕಪ್ಪ ಇದನ್ನು ಪೊಲೀಸರಿಗೂ ಹೇಳಿಲ್ಲ. ನಾನು ಕೋರ್ಟಿನಲ್ಲಿ ಹೇಳುತ್ತೇನೆ, ನಿನ್ನ ಶಿಕ್ಷೆ ಹೆಚ್ಚಾದರೂ ಹೇಳುತ್ತೇನೆ. ಬೇಡವೆಂದವನ ಕೈ ಮುರಿದೆ ರಾಜಣ್ಣಾ, ಮುರಿಸಿದವಳು ನಾನು.