ಮೂರನೆಯ ತಟ್ಟೆ

ಮಾರ್ಚ್ ೧೨, ಭಾನುವಾರ

ಪ್ರಿಯ ಗಡಿಯಾರ,

ಕ್ಷೇಮ. ನಿನ್ನ ಸಾಂತ್ವನದ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದನ್ನು ಮನ್ನಿಸು. ಮಗಳು ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಉಳಿದಿರುವವಳು ಎಂಟು ವರ್ಷದ ಮೊಮ್ಮಗಳೊಬ್ಬಳೇ. ನಾನು ಹೇಳಿದ್ದು ಅವಳಲ್ಲಿ ನಿಲ್ಲುವುದಿಲ್ಲ.

ಊಟಕ್ಕೆ ತಟ್ಟೆ ಇಡುವುದು ಅವಳ ಕೆಲಸ. ಮೂರು ಇಡುತ್ತಾಳೆ. "ಈಗ ಇಬ್ಬರೇ ಅಲ್ವೇನೇ?" ಎಂದರೆ, "ಹೌದಲ್ಲ ತಾತ" ಎಂದು ಒಂದನ್ನು ಎತ್ತಿಡುತ್ತಾಳೆ, ಮರುದಿನ ಮತ್ತೆ ಮೂರು. ಶಾಲೆಯವರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಎಂದರು, ಒಪ್ಪಿದೆ. ಮಕ್ಕಳ ಡಾಕ್ಟರಮ್ಮ ಒಪ್ಪಲಿಲ್ಲ. ಅವಳನ್ನು ಹೊರಗೆ ಕೂರಿಸಿ, "ಎಡಿಎಚ್‌ಡಿ, ಹೊಟ್ಟೇಲಿದ್ದಾಗಲೇ ಮಿದುಳಿಗೆ ಬಿದ್ದ ಪೆಟ್ಟು, ಎರಡೂ ಒಂದೇ ಥರ ಕಾಣ್ತವೆ ಸರ್. ಎಡಿಎಚ್‌ಡಿಲಿ ಸಾಮಾನ್ಯವಾಗಿ ಗಮನವೇ ನಿಲ್ಲಲ್ಲ. ಇವಳು ಗಮನ ಕೊಡ್ತಾಳೆ, ಆದ್ರೆ ಹೊಸದು ತಲೆಗಿಳಿಯಲ್ಲ, ಹಳೇದನ್ನ ಬಿಡಕ್ಕಾಗಲ್ಲ. ತಾಯಿ ಬಸುರಿಯಾಗಿದ್ದಾಗ ಕುಡೀತಿದ್ರಾ?" ಎಂದು ಕೇಳಿದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಮಯ ಮೀರಿದಾಗ ನನ್ನ ಅಂಗಿ ಜಗ್ಗಿ ಗಡಿಯಾರ ಎನಿಸಿಕೊಂಡ ನೀನು ಅಲ್ಲಿರಲಿಲ್ಲ. ಮಗಳು ಕುಡಿಯುತ್ತಿರಲಿಲ್ಲವೆಂದು ವಂಶ, ಸಂಸ್ಕಾರ, ಪುರಾವೆಯ ಹೊಣೆ, ಎಲ್ಲವನ್ನೂ ನೀವೆಲ್ಲ ಕರೆಯುತ್ತಿದ್ದ ಸುತ್ತಿಗೆಯ ಹಾಗೇ ಬಡಿದು ಮಂಡಿಸಿದೆ. "ಆಯ್ತು ಸರ್, ನೀವೇ ಗೆದ್ರಿ" ಎಂದರು ಆಕೆ. ಹೊರಬಂದಾಗ ಮೊಮ್ಮಗಳು, "ಯಾರಿಗೆ ಬೈತಿದ್ದೆ ತಾತ?" ಎಂದಳು.

ಸ್ಪರ್ಧೆಯ ಹಿಂದಿನ ಸಂಜೆ ನಾವು ಪಕ್ಷ ಬದಲಿಸಿ ವಾದಿಸಿ ನೋಡುತ್ತಿದ್ದೆವಲ್ಲ, ಅಡುಗೆಮನೆಯಲ್ಲಿ ಒಬ್ಬನೇ ನಿಂತು ಹಾಗೆಯೇ ಮಾಡಿದೆ. ಎದುರುಪಕ್ಷಕ್ಕೆ ಒಂದೇ ವಾಕ್ಯ ಸಾಕಾಯಿತು: ಗಂಡ ಬಿಟ್ಟುಹೋದ ಆ ಬಸುರಿನ ತಿಂಗಳುಗಳಲ್ಲಿ ಮಗಳು ಕುಡಿಯುತ್ತಿದ್ದಳು. ತೀರಿಹೋದವಳ ಮಾನ ಕಾಯಲು ಹೊರಟು, ಬದುಕಿರುವವಳಿಗೆ ಸಿಗಬೇಕಾದ ನೆರವನ್ನು ತಪ್ಪಿಸುತ್ತಿದ್ದೆ.

ಮತ್ತೆ ಹೋಗಿ ಹೇಳಿದೆ. ಪೀಠಿಕೆಯಿಲ್ಲದೆ, ಆ ಒಂದೇ ವಾಕ್ಯ. ಡಾಕ್ಟರಮ್ಮ ಮಗಳನ್ನು ದೂರಲಿಲ್ಲ. "ಅವರಿಗೂ ಆಗ ಯಾರಾದ್ರೂ ಜೊತೇಲಿರಬೇಕಿತ್ತು" ಎಂದಷ್ಟೇ ಹೇಳಿ, ಕಲಿಸುವ ಬಗೆಯನ್ನು ತೋರಿಸಿದರು: ಒಂದು ಸಲಕ್ಕೆ ಒಂದೇ ಮಾತು, ಕೈಹಿಡಿದು ಮಾಡಿಸುವುದು, ದಿನವೂ, ಕೋಪವಿಲ್ಲದೆ. ಮೊಮ್ಮಗಳಿಗಿಂತ ನಾನೇ ನಿಧಾನವಾಗಿ ಕಲಿಯುತ್ತಿದ್ದೇನೆ.

ಬಿಡುವಾದಾಗ ಬಾ. ಮಾತಿಗೆ ಎದುರುಮಾತಿಲ್ಲದ ಮನೆಯಲ್ಲಿ ನನ್ನ ಧ್ವನಿ ನನಗೇ ಹೆಚ್ಚಾಗಿದೆ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಅವರು ಮಾತು ಮುಗಿಸುವವರೆಗೆ ಕೇಳುವ ತಾಳ್ಮೆ ನಿನಗಿರಲಿ.

ಇತಿ,
ನಿನ್ನ ಹಳೆಯ ಸುತ್ತಿಗೆ

ಮರೆತ ಮಾತು: ನಿನ್ನೆ ಅವಳು ತಾನಾಗಿಯೇ ಎರಡು ತಟ್ಟೆ ಇಟ್ಟು, "ಸರಿಯಾಯ್ತಾ ತಾತ?" ಎಂದು ನನ್ನ ಮುಖ ನೋಡಿದಳು. "ಸರಿಯಾಯ್ತು ಪುಟ್ಟಿ" ಎಂದೆ. ಅವಳು ಕೈತೊಳೆದು ಬರುವಷ್ಟು ಹೊತ್ತು, ಮೂರನೆಯದನ್ನು ನಾನೇ ತಂದು ಮಗಳ ಜಾಗದಲ್ಲಿಟ್ಟು ಕೂತಿದ್ದೆ.