ಒಂದು ಕಿಲೋದಲ್ಲಿ ಹಿಡಿಯದ ನಾಲ್ಕು ನಿಮಿಷ

ಪ್ರೀತಿಯ ಅತ್ತಿಗೆ,

ನಿಮಗೆ ಫೋನಿನಲ್ಲಿ ಸುಳ್ಳು ಹೇಳಿ ಇವತ್ತಿಗೆ ಹದಿನಾರು ದಿನ. "ಆವತ್ತು ನೀನು ಹೊರಗೆ ಹೋಗಿದ್ದಾಗ ಮೈಕು ಆನ್ ಇತ್ತಲ್ಲ, ನಾನೂ ನಿಮ್ಮಣ್ಣನೂ ಮಾತಾಡಿದ್ದು ಅದರಲ್ಲಿ ಬಂದಿರುತ್ತೆ. ಆ ನಾಲ್ಕು ನಿಮಿಷ ನನಗೆ ಕಳಿಸಿಕೊಡ್ತೀಯಾ?" ಎಂದು ಕೇಳಿದಿರಿ. ನಾನು ಒಂದಿಷ್ಟೂ ತಡವರಿಸದೆ, "ಇದೆ ಅತ್ತಿಗೆ, ಹುಡುಕಿ ಕಳಿಸ್ತೀನಿ" ಎಂದೆ. ಅದು ಇಲ್ಲ. ಇದೆ ಎಂದು ಹೇಳುವಾಗಲೇ ಇಲ್ಲವೆಂಬುದು ನನಗೆ ಗೊತ್ತಿತ್ತು. ಅಳಿಸಿದವಳು ನಾನೇ.

ಇದನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎರಡು ಸಲ ಶುರು ಮಾಡಿದೆ. ಅದರಲ್ಲಿ ಬರೆಯಲು ಕೂತರೆ ನನ್ನ ಕೈ ಸುಮ್ಮನಿರುವುದಿಲ್ಲ. ಮುಜುಗರದ ಸಾಲುಗಳೆಲ್ಲ ಒಂದೊಂದಾಗಿ ಮಾಯವಾಗಿ, ಕೊನೆಗೆ 'ನಾನು ಕ್ಷೇಮ' ಎಂಬುದಷ್ಟೇ ಉಳಿಯುತ್ತದೆ. ನನ್ನ ಕೆಲಸವೇ ಅಂಥದ್ದು, ನಿಮಗೆ ಗೊತ್ತಲ್ಲ. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವವರ ಧ್ವನಿಯಿಂದ ಕೆಮ್ಮು, ಉಸಿರು, ತುಟಿ ಬಿಡಿಸುವ ಸದ್ದು, ಕುರ್ಚಿಯ ಕಿರ್ರೆನ್ನುವಿಕೆ ಎಲ್ಲವನ್ನೂ ಕಿತ್ತು ತೆಗೆಯುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಹೊಟ್ಟೆಪಾಡು. ಅಣ್ಣ ಅದನ್ನು ಕಸ ಗುಡಿಸುವ ಕೆಲಸ ಎನ್ನುತ್ತಿದ್ದ. ನಾನೇನು ಕಮ್ಮಿಯೇ, ದಿನವಿಡೀ ಕಂಡವರ ಪಕ್ಕ ಕೂತು "ಬ್ರೇಕು, ಬ್ರೇಕು" ಎಂದು ಅರಚುವುದೂ ಒಂದು ಕೆಲಸವೇನೋ ಎಂದು ತಿರುಗಿಸಿ ಕೊಡುತ್ತಿದ್ದೆ. ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ ಗಂಟಲು ಅದು.

ಆ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು ಎಂದು ವೈದ್ಯರು ಹೇಳಿದ ದಿನ ನೀವು ನನಗೆ ಫೋನು ಮಾಡಿ ಅತ್ತಿರಿ. ನಾನು ಅಳಲಿಲ್ಲ, ಲೆಕ್ಕ ಹಾಕಿದೆ. ಆಪರೇಷನ್ನಿಗೆ ಹನ್ನೊಂದು ದಿನ ಇತ್ತು. ಆರುನೂರು ವಾಕ್ಯಗಳನ್ನು ಅವನ ಬಾಯಲ್ಲಿ ಓದಿಸಿ ಕಳಿಸಿದರೆ, ಅವನ ಧ್ವನಿಯಂಥದೇ ಧ್ವನಿಯನ್ನು ತಯಾರಿಸಿ ಕೊಡುವ ಸಂಸ್ಥೆಯೊಂದು ನನಗೆ ಗೊತ್ತಿತ್ತು. ಮುಂದೆ ಅವನು ಫೋನಿನಲ್ಲಿ ಬರೆದದ್ದನ್ನು ಆ ಧ್ವನಿ ಓದಿ ಹೇಳುತ್ತದೆ. ಆದರೆ ನನ್ನ ಹಳೆಯ ಕಂಪ್ಯೂಟರು ಮೇಜಿನ ಕೆಳಗೆ ಮಂಡಿಯೆತ್ತರಕ್ಕೆ ಕೂತ ಡೊಳ್ಳುಹೊಟ್ಟೆಯ ಯಂತ್ರ. ಅದನ್ನು ನಿಮ್ಮ ಮನೆಗೆ ಹೊತ್ತು ತರುವುದು ಹೇಗೆ? ತಂದರೂ ಅದರ ಫ್ಯಾನಿನ ಗೊರಕೆಯಲ್ಲಿ ರೆಕಾರ್ಡ್ ಮಾಡುವುದು ಹೇಗೆ? ಮರುದಿನವೇ ಹೋಗಿ ಈ ಲ್ಯಾಪ್‌ಟಾಪ್ ತಂದೆ. ಒಂದು ಕಿಲೋ ಕೂಡ ತೂಗುವುದಿಲ್ಲ, ಒಳಗೆ ಫ್ಯಾನೇ ಇಲ್ಲ, ಪಿಸುಗುಟ್ಟುವ ಸದ್ದೂ ಇಲ್ಲ. ಅಣ್ಣ ಅದನ್ನು ಎರಡೇ ಬೆರಳಲ್ಲಿ ಎತ್ತಿ, "ಇದರೊಳಗೆ ಏನಾದ್ರೂ ಇದೆಯೇನೇ ಕಡ್ಡಿ, ಇಲ್ಲ ಬರೀ ಡಬ್ಬ ಕೊಟ್ಟು ಕಳಿಸಿದ್ರಾ?" ಎಂದು ನನ್ನನ್ನು ಚಿಕ್ಕಂದಿನ ಅಡ್ಡಹೆಸರಿನಿಂದಲೇ ಕೇಳಿದ್ದು ನಿಮಗೆ ನೆನಪಿರಬೇಕು.

ಎರಡು ಕಂಪ್ಯೂಟರು ಸಾಕುವುದು ನನ್ನ ಜಾಯಮಾನಕ್ಕೆ ಒಗ್ಗದು. ಹಳೆಯದರ ಡಿಸ್ಕುಗಳನ್ನು ಪೂರ್ತಿ ಅಳಿಸಿ, ಯಾರಿಗೋ ದಾಟಿಸಿಬಿಟ್ಟೆ. ಜೊತೆ ಕೆಲಸ ಮಾಡುವವರು ನಕ್ಕರು. ಇಷ್ಟು ತೆಳ್ಳನೆಯದರಲ್ಲಿ ಇಡೀ ಕೆಲಸ ನಡೆಸುತ್ತೀಯಾ, ತಿಂಗಳಲ್ಲಿ ಕೈಕೊಡುತ್ತದೆ ನೋಡು ಎಂದರು. ಕೈಕೊಡಲಿಲ್ಲ. ನಿಮ್ಮ ಊಟದ ಮೇಜು, ಆಸ್ಪತ್ರೆಯ ಬೆಂಚು, ಬಸ್ಸಿನ ಕಿಟಕಿ ಪಕ್ಕದ ಸೀಟು, ಕೂತಲ್ಲೇ ನನ್ನ ಕಚೇರಿಯಾಯಿತು. ಒಂದೇ ಕೊರತೆ ಎಂದರೆ ಅದರಲ್ಲಿ ಜಾಗ ಕಡಿಮೆ. ಹಳೆಯದರಲ್ಲಿ ಹತ್ತು ವರ್ಷದ ಕೆಲಸ ಹಾಗೇ ರಾಶಿ ಬಿದ್ದಿತ್ತು. ಇದರಲ್ಲಿ ಬೇಕಾದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಆಗಿಂದಾಗಲೇ ಬಿಸಾಕಬೇಕು. ನನಗೆ ಅದು ಕೊರತೆಯಾಗಿ ಕಾಣಲೇ ಇಲ್ಲ. ಹೆಗಲ ಮೇಲಿಂದ ಭಾರ ಇಳಿದಂತಾಗಿ, ಹಗುರವಾಗಿ ಬದುಕುವುದನ್ನು ಕಲಿತೆ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡೆ.

ನಿಮ್ಮ ಮನೆಯ ಹಿಂದಿನ ಕೋಣೆಯ ಕಿಟಕಿಗಳಿಗೆ ಇದ್ದಬದ್ದ ಕಂಬಳಿಗಳನ್ನೆಲ್ಲ ಹೊದಿಸಿ ಅವನನ್ನು ಓದಲು ಕೂರಿಸಿದೆವು. ಎಂಥೆಂಥ ವಾಕ್ಯಗಳು ಅತ್ತಿಗೆ! 'ನಾಳೆ ಮಧ್ಯಾಹ್ನ ಮೂರು ಪೆಟ್ಟಿಗೆ ನೀಲಿ ಗುಂಡಿಗಳು ಬರುತ್ತವೆ.' 'ಬಾಗಿಲ ಬಳಿ ಇರುವ ಛತ್ರಿ ಯಾರದು?' ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. "ಈ ಗುಂಡಿ ಬರ್ಲಿಲ್ಲ ಅಂದ್ರೆ ನನಗೆ ಮಾತು ಬರಲ್ವಾ?" ಎನ್ನುತ್ತಿದ್ದ. ನಾಲ್ಕು ಪದಕ್ಕೊಮ್ಮೆ ನಿಂತು ಉಗುಳು ನುಂಗಬೇಕಿತ್ತು ಅವನು. ನಾನು ಕನಿಕರವಿಲ್ಲದೆ ಮತ್ತೆ ಓದಿಸುತ್ತಿದ್ದೆ. "ಏ ಕಡ್ಡಿ, ಸಾಕು ಬಿಡೇ" ಎಂದು ಗೋಗರೆದರೂ ಬಿಡುತ್ತಿರಲಿಲ್ಲ.

ಒಂಬತ್ತನೆಯ ದಿನ ಪ್ರಕಾಶಕರ ಫೋನು ಬಂದು ನಾನು ಮೆಟ್ಟಿಲ ಹತ್ತಿರ ಹೋದೆ. ನೀವು ಬಿಸಿನೀರು ಹಿಡಿದು ಒಳಗೆ ಹೋದಿರಿ. ಮುಂದಿನದನ್ನು ನೀವೇ ಆ ಫೋನಿನಲ್ಲಿ ಹೇಳಿದಿರಿ: "ಕೆಂಪು ದೀಪ ಉರೀತಿದ್ದದ್ದನ್ನ ನಾನು ನೋಡಿದ್ದೆ. ಬೇಕಂತಲೇ ಸುಮ್ಮನಿದ್ದೆ. ಹೇಗಿದ್ರೂ ಅದರಲ್ಲಿ ಇರುತ್ತಲ್ಲ ಅಂತ ಸರಿಯಾಗಿ ಕಿವಿಗೊಟ್ಟು ಕೇಳಿಸ್ಕೊಳ್ಳಲೂ ಇಲ್ಲ ನೋಡು." ಆ ಮಾತು ಆಡಿ ನೀವು ನಕ್ಕಿರಿ.

ಆಪರೇಷನ್ನಿನ ನಂತರ ಅವನು ಹದಿನಾಲ್ಕು ತಿಂಗಳು ಬದುಕಿದ. ಫೋನಿನಲ್ಲಿ ಬರೆದು ಆ ಧ್ವನಿಯಿಂದ ಎಲ್ಲವನ್ನೂ ಹೇಳಿಸಿದ. ತರಕಾರಿಯವನ ಜೊತೆ ಚೌಕಾಸಿ ಮಾಡಿದ, ವೈದ್ಯರಿಗೆ ತಮಾಷೆ ಮಾಡಿದ, ನನ್ನನ್ನು ಬೈದ. ನಿಮ್ಮನ್ನು ಮಾತ್ರ ಒಂದು ದಿನವೂ ಅದರಿಂದ ಕರೆಯಲಿಲ್ಲ. ಕಚೇರಿಯಲ್ಲಿ ಮೂವತ್ತು ಜನರ ಮೇಲೆ ನೀವು ಅಧಿಕಾರಿ ಎಂದು ಮದುವೆಯಾದ ಹೊಸತರಲ್ಲೇ ಛೇಡಿಸಲು ಇಟ್ಟ ಹೆಸರು 'ಸಾಹೇಬ್ರೇ'. ಅದನ್ನು ಆ ಫೋನಿನಲ್ಲಿ ಅವನು ಟೈಪ್ ಮಾಡಲೇ ಇಲ್ಲ. ಬೇಕಾದಾಗ ಎರಡು ಚಪ್ಪಾಳೆ ತಟ್ಟುತ್ತಿದ್ದ, ನೀವು ಬರುತ್ತಿದ್ದಿರಿ. ಅವನು ಹೋಗಿ ಈಗ ಎಂಟು ತಿಂಗಳು. "ಆ ಮಿಷನ್ನಿನ ಧ್ವನಿ ಕೇಳಿ ಕೇಳಿ, ಅವರ ನಿಜವಾದ ಧ್ವನಿ ಯಾವುದು ಅಂತಲೇ ಮರೀತಾ ಇದೀನಿ ಕಣೇ. ವಿಡಿಯೋಗಳಲ್ಲೆಲ್ಲ ಬೇರೆಯವರ ಜೊತೆ ಮಾತಾಡ್ತಾರೆ. ನನ್ನನ್ನ ಕರೆಯೋದು ಒಂದರಲ್ಲೂ ಇಲ್ಲ" ಎಂದಿರಿ. ಆ ನಾಲ್ಕು ನಿಮಿಷ ನಿಮಗೆ ಯಾಕೆ ಬೇಕು ಎಂದು ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಫೋನು ಇಟ್ಟವಳೇ ರಿಪೇರಿಯವನ ಅಂಗಡಿಗೆ ಓಡಿದೆ. ಅವನು ಲ್ಯಾಪ್‌ಟಾಪನ್ನು ತೆರೆದೂ ನೋಡಲಿಲ್ಲ. "ಹಳೇ ಕಾಲದ ಡಿಸ್ಕ್ ಆಗಿದ್ರೆ ಕೆದಕಿ ಏನಾದ್ರೂ ತೆಗೀಬಹುದಿತ್ತು ಮೇಡಂ. ಇವು ಡಿಲೀಟ್ ಮಾಡಿದ್ದನ್ನ ತಾವೇ ಒರೆಸಿ ಇಟ್ಬಿಡ್ತವೆ. ಹತ್ತಿರ ಎರಡು ವರ್ಷ ಬೇರೆ ಆಗಿದೆ. ಆಸೆ ಬಿಡಿ" ಎಂದ. ಬೇರೆ ಕಡೆ ಪ್ರತಿ ಇಟ್ಟಿಲ್ವಾ ಎಂದೂ ಕೇಳಿದ. ಇಟ್ಟಿದ್ದೆ, ಗುಡಿಸಿ ಸಾರಿಸಿದ ಆರುನೂರು ವಾಕ್ಯಗಳನ್ನು ಮಾತ್ರ. ಕಸವನ್ನು ಎರಡೆರಡು ಕಡೆ ಯಾರು ಇಡುತ್ತಾರೆ?

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ನಾಲ್ಕು ನಿಮಿಷಗಳನ್ನು ನಾನೇ ತಯಾರಿಸಲು ಕೂತೆ. ಒಮ್ಮೆ ಕೇಳಿದ್ದೆನಲ್ಲ, ಮಾತುಗಳು ನೆನಪಿದ್ದವು. ಅವನ ಮಾತುಗಳನ್ನು ಟೈಪ್ ಮಾಡಿ ಆ ಧ್ವನಿಯಿಂದ ಹೇಳಿಸಿದೆ. ಅದರ ಚಪ್ಪಟೆತನವನ್ನು ತಿದ್ದಿ, ಏರಿಳಿತ ಕೂರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಲೋಟಕ್ಕೆ ನೀರು ಸುರಿಯುವ ಸದ್ದನ್ನು ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿ ಸೇರಿಸಿದೆ. ನೀವು ದೂರದಿಂದ ಆಡಿದ ಮಾತು ಸ್ಪಷ್ಟವಾಗಿ ಬಂದಿಲ್ಲ ಎಂದು ಹೇಳಿಬಿಡಬಹುದಿತ್ತು. ಎಲ್ಲವೂ ಸರಿಯಾಯಿತು, ಒಂದು ಬಿಟ್ಟು. ಅವನು ಎಲ್ಲೂ ನಿಲ್ಲುತ್ತಿರಲಿಲ್ಲ. ಗಂಟಲು ನೋಯದವನ ಹಾಗೆ ಒಂದೇ ಸಮನೆ ಮಾತಾಡಿಕೊಂಡು ಹೋಗುತ್ತಿದ್ದ. ನಡುವೆ ಉಸಿರು ಹಾಕೋಣ ಎಂದು ಆರುನೂರು ಫೈಲುಗಳನ್ನೂ ಒಂದೊಂದಾಗಿ ತೆರೆದೆ. ಅಣ್ಣನ ಒಂದು ಉಸಿರು ಸಿಗಲಿಲ್ಲ ಅತ್ತಿಗೆ. ಒಂದೂ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನನ್ನ ಕೈಯಾರೆ ಎಲ್ಲವನ್ನೂ ಕತ್ತರಿಸಿದ್ದೆ. "ಏ ಕಡ್ಡಿ" ಎಂದದ್ದು ಕೂಡ ಒಂದು ಕಡೆಯೂ ಉಳಿದಿರಲಿಲ್ಲ.

ಕೊನೆಗೆ ಮೈಕಿನ ಮುಂದೆ ನಾನೇ ಉಸಿರಾಡಿದೆ. ಅದನ್ನು ಸ್ವಲ್ಪ ನಿಧಾನ ಮಾಡಿ, ತಗ್ಗಿಸಿ, ಅವನ ಮಾತುಗಳ ನಡುವೆ ಕೂರಿಸಿದೆ. ಹಾಕಿ ಕೇಳಿದೆ. ನಂಬುವಂತಿತ್ತು. ನೀವು ನಂಬುತ್ತಿದ್ದಿರಿ, ಸಾಯುವವರೆಗೂ ಕೇಳುತ್ತಿದ್ದಿರಿ. ಫೋನಿನಲ್ಲಿ ನಿಮ್ಮ ಹೆಸರು ತೆರೆದು, ಫೈಲನ್ನು ಲಗತ್ತಿಸಿ, 'ಸಿಕ್ಕಿತು ಅತ್ತಿಗೆ' ಎಂದೂ ಬರೆದೆ. ಕಳಿಸುವ ಮುಂಚೆ ಇನ್ನೊಮ್ಮೆ ಕೇಳಿದೆ. ನಾನೇ ಟೈಪ್ ಮಾಡಿದ್ದ ಅಣ್ಣನ ಮಾತು ಆಗ ನನ್ನ ಕಿವಿಗೆ ಸರಿಯಾಗಿ ಬಿತ್ತು. "ಆ ಮಿಷನ್ ಕೈಲಿ ನಿಮ್ಮನ್ನ ಕರೆಸಲ್ಲ ಸಾಹೇಬ್ರೇ. ನಿಮ್ಮನ್ನ ಕರೆಯೋದು ಈ ಬಾಯಿಗೇ ಮುಗೀಲಿ. ಆಮೇಲೆ ಚಪ್ಪಾಳೆ ತಟ್ತೀನಿ, ಬರ್ಬೇಕು." ನೀವು, "ನಾಯೀನ ಕರೆದ ಹಾಗಾ?" ಎಂದು ಗದರಿದ್ದಿರಿ. ಅವನು ನಗಲು ಹೋಗಿ ಕೆಮ್ಮಿದ್ದ. ಯಾವುದನ್ನು ಮಾಡುವುದಿಲ್ಲ ಎಂದು ಅವನು ನಿಮಗೆ ಮಾತು ಕೊಟ್ಟನೋ, ಹದಿನಾಲ್ಕು ತಿಂಗಳು ಉಳಿಸಿಕೊಂಡನೋ, ಅದನ್ನೇ ನಾನು ಅವನಿಂದ ಮಾಡಿಸಿದ್ದೆ. ಅದೂ ನನ್ನ ಉಸಿರು ತುರುಕಿ. ಆ ಫೈಲನ್ನು ಅಳಿಸಿದೆ. ಇದೊಂದನ್ನು ಅಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇಲ್ಲಿಗೆ ನಿಲ್ಲಿಸಿ, 'ಜಾಗ ಸಾಲದೆ ಅಳಿಸಬೇಕಾಯಿತು, ಕ್ಷಮಿಸಿ' ಎಂದು ಬರೆದು ಅಂಚೆಗೆ ಹಾಕಬೇಕೆಂದಿದ್ದೆ. ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದದ್ದೂ ಅದನ್ನೇ. ಹಗುರದ ಯಂತ್ರ, ಚಿಕ್ಕ ಜಾಗ, ಏನು ಮಾಡಲಾಗುತ್ತದೆ. ಜಾಗ ಇತ್ತು ಅತ್ತಿಗೆ. ಆಗಿನ್ನೂ ಹೊಸದು ಅದು, ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿತ್ತು.

ಆಪರೇಷನ್ನಿನ ದಿನ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಆರು ಗಂಟೆ ಕಾದೆವಲ್ಲ, ಆಗ ನಾನು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಡ್‌ಫೋನು ಹಾಕಿಕೊಂಡು ಅದನ್ನೇ ಶುದ್ಧ ಮಾಡುತ್ತಿದ್ದೆ. ನೀವು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದಿರಿ. "ಹೇಗೆ ಬಂದಿದೆ?" ಎಂದು ಕೇಳಿದಿರಿ. ನಾನು, "ಚೆನ್ನಾಗಿದೆ" ಎಂದೆ. ಆ ಹೊತ್ತಿಗೆ ನಾನು ಆ ನಾಲ್ಕು ನಿಮಿಷಗಳನ್ನು ಕೇಳಿ ಮುಗಿಸಿ, ಅದರ ನಂತರದ್ದನ್ನು ಕೇಳುತ್ತಿದ್ದೆ. ನಂತರವೂ ಒಂದಿಷ್ಟು ಇತ್ತು. ನಿಮಗೆ ಗೊತ್ತಿಲ್ಲ. ಹೆಡ್‌ಫೋನನ್ನು ನಿಮ್ಮ ಕಿವಿಗೆ ಹಿಡಿದಿದ್ದರೆ ಆಗುತ್ತಿತ್ತು. ಹಿಡಿಯಲಿಲ್ಲ.

ನೀವು ಖಾಲಿ ಲೋಟ ತೆಗೆದುಕೊಂಡು ಹೊರಗೆ ಹೋದ ಮೇಲೆ, ನಾನು ಫೋನು ಮುಗಿಸಿ ಬರುವವರೆಗೆ, ಅವನು ಒಬ್ಬನೇ ಇದ್ದ. ಆಮೇಲೆ, "ಸಾಹೇಬ್ರೇ" ಎಂದ. ನಿಮಗೆ ಕೇಳಿಸಲೆಂದು ಅಲ್ಲ, ತನ್ನಷ್ಟಕ್ಕೆ. ಮತ್ತೆ ಹೇಳಿದ, ಈ ಸಲ ಕನ್ನಡಕ ಸಿಗದಾಗ ಕೂಗುವ ಹಾಗೆ. ಮತ್ತೆ, ಹಾರ್ನ್ ಹೊಡೆದರೂ ನೀವು ಹೊರಗೆ ಬಾರದಾಗ ಕಾರಿನಿಂದ ತಲೆ ಹಾಕಿ ಕರೆಯುವ ಹಾಗೆ. ಮತ್ತೆ, ಜಗಳವಾಗಿ ಎರಡು ದಿನ ಮಾತು ಬಿಟ್ಟು, ತಾನೇ ಸೋತು ಕರೆಯುವ ಹಾಗೆ. ಎಂಟು ಸಲ ಹೇಳಿದ, ಎಂಟು ಥರ. ಕೊನೆಗೆ ತೀರಾ ಮೆಲ್ಲಗೆ ಇನ್ನೇನೋ ಹೇಳಿದ. ಮಂಕಾದ ಸದ್ದನ್ನು ಎತ್ತಿ ಕೇಳುವುದೂ ನನ್ನ ಕೆಲಸವೇ ಅಲ್ಲವೇ, ಎತ್ತಿ ಕೇಳಿದೆ. ನಿಮ್ಮ ಹೆಸರು. ನಿಮ್ಮ ನಿಜವಾದ ಹೆಸರು ಅತ್ತಿಗೆ. ಇಪ್ಪತ್ತಾರು ವರ್ಷಗಳಲ್ಲಿ ಅವನ ಬಾಯಲ್ಲಿ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ಕೇಳಿದ್ದೀರೋ ಇಲ್ಲವೋ ತಿಳಿಯದು.

ಗಂಡ ಹೆಂಡಿರ ಮಾತು, ನಾನು ಕೇಳಬಾರದಿತ್ತು, ಅದಕ್ಕೇ ಅಳಿಸಿದೆ ಎಂದರೆ ಅದೂ ಅರ್ಧ ಸತ್ಯ. ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಬೆಳೆಸಿದವನು ಅವನು. ನಿಮ್ಮ ಹೆಸರಾದ ಮೇಲೆ ನನ್ನದೂ ಬರುತ್ತದೆ ಎಂದು ಆ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕಾದೆ. ಅವನು ಉಗುಳು ನುಂಗಿದ. ಬಾಯಿ ತೆರೆದ ಸದ್ದಾಯಿತು, ಅದು ನನಗೆ ಚೆನ್ನಾಗಿ ಗೊತ್ತಿರುವ ಸದ್ದು. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಒಳಗೆ ಬಂದವಳು ನಾನೇ. "ಏನಣ್ಣ, ಎಷ್ಟನೇದಕ್ಕೆ ಬಂದ್ವಿ?" ಎಂದು ಕೇಳಿದ್ದೆ. ಅವನು, "ನಾನೂರ ಹನ್ನೆರಡು" ಎಂದಿದ್ದ.

ಬೆಂಚಿನ ಮೇಲೆ ಅದನ್ನು ಕೇಳಿ ಮುಗಿಸಿ, ನಿಮ್ಮ ಪಕ್ಕದಲ್ಲೇ ಕೂತು, ಎಲ್ಲವನ್ನೂ ಒಟ್ಟಿಗೆ ಅಳಿಸಿದೆ. ಅದು ನಿಮಗೆ ಸೇರಿದ್ದು. ಕೊಡಬೇಕಾದ್ದನ್ನು ಕೊಡಲು ಈಗ ನನ್ನ ಬಳಿ ಈ ಕಾಗದ ಬಿಟ್ಟು ಬೇರೇನೂ ಇಲ್ಲ.

ಅವನು ನಿಮ್ಮನ್ನು ಕರೆದದ್ದು ನಿಮ್ಮ ಕಿವಿಯಲ್ಲಿ ಇನ್ನೂ ಬಹಳ ವರ್ಷ ಮಾಸದೆ ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮಿಂದ ಬೈಸಿಕೊಳ್ಳಲು ಕಾದಿರುವ,
ನಿಮ್ಮ ನಾದಿನಿ